‘ಬೇಡ’ ಅಂದವರ ಗುಡಿಸಲಿಗೆ ಎರಡನೇ ಸಲ ಹೋಗುವ ಮುನ್ನ

ದಸರಾ ದಾಟಿ ದೀಪಾವಳಿ ಹತ್ತಿರವಾದಂತೆ ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜದ ಸುತ್ತಲಿನ ರಸ್ತೆಗಳಿಗೆ ಟ್ರ್ಯಾಕ್ಟರುಗಳು ಇಳಿಯುತ್ತವೆ. ಟ್ರೇಲರಿನಲ್ಲಿ ಗಳ, ತಾಡಪತ್ರಿ, ಪಾತ್ರೆ, ಆಡು, ಕೋಳಿ. ಅವುಗಳ ನಡುವೆ ಹೊದ್ದು ಕೂತ ಬಾಣಂತಿಯರು, ಹಸುಗೂಸುಗಳು. ಬೀಡ ಜಿಲ್ಲೆಯಿಂದ, ಮರಾಠವಾಡದ ಇತರ ಕಡೆಗಳಿಂದ, ವಿಜಯಪುರದ ತಾಂಡಾಗಳಿಂದ ಕಬ್ಬು ಕಡಿಯಲು ಬಂದ ಟೋಳಿಗಳಿವು. ಮಾರ್ಚ್–ಏಪ್ರಿಲ್‌ವರೆಗೆ ಇವರ ಊರೆಂದರೆ ಯಾರದೋ ಹೊಲದ ಬದು. ಈ ಐದಾರು ತಿಂಗಳಲ್ಲಿ ಒಂದು ಕೂಸಿಗೆ ಆರನೇ ವಾರದ, ಹತ್ತನೇ ವಾರದ, ಹದಿನಾಲ್ಕನೇ ವಾರದ ಲಸಿಕೆಗಳ ಸಮಯವೆಲ್ಲ ಬಂದು ಹೋಗಿರುತ್ತದೆ. ಹುಟ್ಟಿದೂರಿನ ಆಶಾ ‘ವಲಸೆ’ ಎಂದು ಬರೆದುಕೊಳ್ಳುತ್ತಾಳೆ. ಇಲ್ಲಿನ ಆಶಾಳ ಪಟ್ಟಿಯಲ್ಲಿ ಆ ಕೂಸೇ ಇರುವುದಿಲ್ಲ.

ಹೇಗೋ ಪತ್ತೆ ಹಚ್ಚಿಕೊಂಡು ಹೋದ ಆರೋಗ್ಯ ಸೇವಿಕೆಗೆ ಗುಡಿಸಲಿನಿಂದ ‘ಬ್ಯಾಡ್ರಿ ಬಾಯಾರ, ನಮ್ಮ ಕೂಸಿಗಿ ಸೂಜಿ ಬ್ಯಾಡ’ ಎಂಬ ಉತ್ತರ ಬಂದರೆ, ರಜಿಸ್ಟರಿನಲ್ಲಿ ‘ನಿರಾಕರಣೆ’ ಎಂದು ದಾಖಲಾಗುತ್ತದೆ. ಅಲ್ಲಿಗೆ ಆ ಮನೆಯ ಕೆಲಸ ಮುಗಿಯುತ್ತದೆ. ಹಾಗೆ ಮುಗಿಯಬಾರದು. ಆ ‘ಬೇಡ’ದ ಹಿಂದೆ ಒಂದು ದಿನದ ಕೂಲಿ ಇರಬಹುದು, ನಾಳೆಯ ಜ್ವರದ ಅಂಜಿಕೆ ಇರಬಹುದು, ಹಿಂದೆಂದೋ ಆಸ್ಪತ್ರೆಯಲ್ಲಿ ಬೈಸಿಕೊಂಡ ನೆನಪಿರಬಹುದು. ಯಾವುದೆಂದು ತಿಳಿಯದೆ ಎರಡನೇ ಸಲ ಹೋದರೆ ಎರಡನೇ ‘ಬೇಡ’ವೇ ಸಿಗುತ್ತದೆ. ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ ಮಾತ್ರವಲ್ಲ, ಹೊಲದಲ್ಲಿ ಟೋಳಿ ಇಳಿಸಿಕೊಳ್ಳುವ ರೈತರಿಗೆ, ಕೂಲಿಗಳನ್ನು ಕರೆತರುವ ಮುಕಾದಮರಿಗೆ, ಕಡಿತದ ಚೀಟಿ ಕೊಡುವ ಕಾರ್ಖಾನೆಯ ಚಿಟ್‌ಬಾಯ್‌ಗಳಿಗೆ, ಶಾಲೆಯ ಗುರುಗಳಿಗೂ ಇಲ್ಲಿ ಕೆಲಸವಿದೆ.

ಪಟ್ಟಿಗೆ ಸಿಗದ ಜನ

ಆದಿವಾಸಿಗಳ ಲಸಿಕೆ ಎಂದ ಕೂಡಲೇ ಮಹಾರಾಷ್ಟ್ರದಲ್ಲಿ ನೆನಪಾಗುವುದು ನಂದುರಬಾರ, ಮೇಳಘಾಟ, ಗಡಚಿರೋಲಿ. ಕೊಲ್ಹಾಪುರ ಯಾರಿಗೂ ನೆನಪಾಗುವುದಿಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯ ಸುಮಾರು 38.76 ಲಕ್ಷ ಜನರಲ್ಲಿ ಪರಿಶಿಷ್ಟ ಪಂಗಡದವರು ನೂರಕ್ಕೆ ಒಬ್ಬರೂ ಇಲ್ಲ. ಈ ಲೆಕ್ಕ ನೋಡಿದರೆ ಇಲ್ಲಿ ಸಮಸ್ಯೆಯೇ ಇಲ್ಲ ಅನ್ನಿಸಬೇಕು.

ಆದರೆ ಶಾಹುವಾಡಿ, ರಾಧಾನಗರಿ, ಭೂದರಗಡ, ಆಜರಾ, ಚಂದಗಡದ ಗುಡ್ಡಗಳಲ್ಲಿ ಧನಗರವಾಡೆಗಳಿವೆ. ಹತ್ತಿಪ್ಪತ್ತು ಮನೆ, ಎಮ್ಮೆ ಹಿಂಡು, ಮಳೆಗಾಲದಲ್ಲಿ ಕಡಿದುಹೋಗುವ ಕಾಲುದಾರಿ. ಬಯಲಿನ ಧನಗರರು ಕುರಿ ಹಿಂಡಿನೊಂದಿಗೆ ವರ್ಷದ ಹಲವು ತಿಂಗಳು ನಿಪ್ಪಾಣಿ, ಬೆಳಗಾವಿಯ ಹೊಲಗಳಲ್ಲಿರುತ್ತಾರೆ. ಇಚಲಕರಂಜಿ, ಕೊಲ್ಹಾಪುರದ ಅಂಚಿನಲ್ಲಿ ವಡ್ಡರು, ಕೈಕಾಡಿಗಳು, ಪಾರ್ಧಿಗಳು. ಕಬ್ಬಿನ ಗುಡಿಸಲುಗಳಲ್ಲಿ ಲಂಬಾಣಿಗರು, ವಂಜಾರಿಗಳು. ಇವರಲ್ಲಿ ಹೆಚ್ಚಿನವರು ಇಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲ. ಲಂಬಾಣಿಗರನ್ನೇ ನೋಡಿ: ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಗಡಿ ದಾಟಿದಾಗ ಕುಟುಂಬದ ಸರಕಾರಿ ಗುರುತೇ ಬದಲಾಗುತ್ತದೆ. ಹಾಗಾಗಿ ‘ಆದಿವಾಸಿ ಭಾಗ’ಕ್ಕೆಂದು ಬರುವ ವಿಶೇಷ ಯೋಜನೆಗಳೂ ಇವರ ಗುಡಿಸಲು ಮುಟ್ಟುವುದು ಕಡಿಮೆ.

ಕೋಯತಾದ ಲೆಕ್ಕ

ಕಬ್ಬು ಕಡಿಯುವವರ ಭಾಷೆಯಲ್ಲಿ ಗಂಡ-ಹೆಂಡತಿ ಸೇರಿದರೆ ಒಂದು ‘ಕೋಯತಾ’. ಹಂಗಾಮಿಗೆ ಮುನ್ನ ಮುಕಾದಮ ಆ ಜೋಡಿಗೆ ‘ಉಚಲ್’ ಎಂಬ ಮುಂಗಡ ಕೊಟ್ಟಿರುತ್ತಾನೆ. ಹಂಗಾಮು ಮುಗಿಯುವುದರೊಳಗೆ ಅದು ದುಡಿಮೆಯಲ್ಲಿ ತೀರಬೇಕು. ಒಂದು ದಿನ ಕೆಲಸ ತಪ್ಪಿದರೆ ‘ಖಾಡಾ’. ಕೂಲಿ ಹೋಗುವುದಲ್ಲದೆ ದಂಡವೂ ಲೆಕ್ಕಕ್ಕೆ ಸೇರುತ್ತದೆ. ನಸುಕಿನಲ್ಲೇ ಕಡಿತ ಶುರು. ಮಧ್ಯಾಹ್ನ ಸಿವುಡು ಕಟ್ಟಿ, ಹೊತ್ತು, ಗಾಡಿ ತುಂಬಬೇಕು. ಟ್ರ್ಯಾಕ್ಟರ್ ತಡವಾಗಿ ಬಂದರೆ ರಾತ್ರಿಯೂ ಅದೇ ಕೆಲಸ.

ಈ ದಿನಚರಿಯ ಪಕ್ಕದಲ್ಲಿ ಉಪಕೇಂದ್ರದ ಲಸಿಕೆ ದಿನವನ್ನಿಡಿ: ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದವರೆಗೆ, ಎರಡು-ಮೂರು ಕಿಲೋಮೀಟರ್ ದೂರ. ತಾಯಿ ಬಂದರೆ ಖಾಡಾ. ಮರುದಿನ ಕೂಸಿಗೆ ಜ್ವರ ಬಂದು ಅದು ತೊಟ್ಟಿಲು ಬಿಟ್ಟು ಮಡಿಲೇ ಬೇಕೆಂದು ಅತ್ತರೆ ಇನ್ನೊಂದು ಖಾಡಾ. ‘ಸೂಜಿ ಮಾಡಸಿದ್ರ ರಾತ್ರಿ ಕೂಸಿಗಿ ಜ್ವರಾ ಬರ್ತಾವ. ನಾಳಿ ಕಡ್ಯಾಕ ಯಾರು ಹೋಗಬೇಕ್ರಿ?’ ಎಂದು ಕೇಳುವ ತಾಯಿಗೆ ಲಸಿಕೆಯ ಮಹತ್ವದ ಬಗ್ಗೆ ಭಾಷಣ ಮಾಡಿ ಫಲವಿಲ್ಲ. ಅವಳು ಕೇಳಿದ್ದು ಲೆಕ್ಕದ ಪ್ರಶ್ನೆ. ಉತ್ತರವೂ ಲೆಕ್ಕದಲ್ಲೇ ಇರಬೇಕು.

ಆದ್ದರಿಂದ ಮೊದಲ ಬದಲಾವಣೆ ಹೊತ್ತಿನದು. ಐಸ್‌ಪ್ಯಾಕ್ ಸರಿಯಾಗಿಟ್ಟ ವ್ಯಾಕ್ಸಿನ್ ಕ್ಯಾರಿಯರ್ ಒಂದು ದಿನದ ಓಡಾಟಕ್ಕೆ ಸಾಕು. ಸಂಜೆ ಗುಡಿಸಲುಗಳ ನಡುವೆಯೇ ಶಿಬಿರ ಮಾಡಲು ತಾಂತ್ರಿಕ ಅಡ್ಡಿಯೇನೂ ಇಲ್ಲ. ಕಾರ್ಖಾನೆ ಸ್ವಚ್ಛತೆಗೆಂದೋ ಯಂತ್ರ ಕೆಟ್ಟೋ ನಿಂತ ದಿನ ಇನ್ನೂ ಒಳ್ಳೆಯದು. ಆ ದಿನ ಟೋಳಿ ಗುಡಿಸಲಲ್ಲೇ ಇರುತ್ತದೆ. ಯಾವ ದಿನ ಯಾವ ಹೊಲದಲ್ಲಿ ಕಡಿತ, ಯಾವ ಟೋಳಿ ಎಲ್ಲಿಗೆ ಸರಿಯುತ್ತದೆ ಎಂಬುದು ಚಿಟ್‌ಬಾಯ್‌ಗೆ ತಿಳಿದಷ್ಟು ತಾಲ್ಲೂಕಿನ ಯಾವ ಅಧಿಕಾರಿಗೂ ತಿಳಿದಿರುವುದಿಲ್ಲ. ಅವನ ಫೋನ್ ನಂಬರ್ ಆಶಾಳ ಬಳಿ ಇದ್ದರೆ ಅರ್ಧ ಕೆಲಸ ಆದಂತೆ.

ಮುಕಾದಮನ ವಿಷಯ ಸ್ವಲ್ಪ ಸೂಕ್ಷ್ಮ. ಅವನು ಹೇಳಿದರೆ ಇಡೀ ಟೋಳಿ ಸಾಲಾಗಿ ನಿಲ್ಲುತ್ತದೆ ಎಂಬುದು ನಿಜ. ಆದರೆ ಸಾಲ ಕೊಟ್ಟವನ ಮಾತಿಗೆ ನಿಂತ ಸಾಲು ಒಪ್ಪಿಗೆಯ ಸಾಲಲ್ಲ. ಅವನಿಂದ ಕೇಳಬೇಕಾದದ್ದು ಎರಡೇ ಮಾತು: ಲಸಿಕೆಯ ಸಂಜೆ ಮತ್ತು ಮರುದಿನ ಬೆಳಿಗ್ಗೆ ಹಾಲುಣಿಸುವ ತಾಯಂದಿರಿಗೆ ಖಾಡಾ ಹಾಕಬಾರದು; ಟೋಳಿ ಬೇರೆ ಕಡೆ ಸರಿಯುವ ಮುನ್ನ ಒಂದು ಫೋನ್ ಮಾಡಬೇಕು. ಸೂಜಿಯ ಮಾತನ್ನು ತಾಯಿಯೊಂದಿಗೆ, ಟೋಳಿಯ ಹಿರಿಯ ಹೆಂಗಸಿನೊಂದಿಗೆ ಆಡಬೇಕು. ಗಡಿಭಾಗದಲ್ಲಿ ಆಕೆಯನ್ನು ಆಯಿ ಎಂದೋ ಮಾವಶಿ ಎಂದೋ ಕರೆಯುತ್ತಾರೆ. ಹಾಗೆ ಕರೆದು, ಕೆಳಗೆ ಕೂತು ಮಾತಾಡಿದರೆ ಮಾತು ಮುಂದುವರಿಯುತ್ತದೆ.

ಹಳೆಯ ಲೆಕ್ಕಗಳು

ಕೆಲವು ‘ಬೇಡ’ಗಳಿಗೆ ವಯಸ್ಸಾಗಿದೆ. 1871ರಲ್ಲಿ ಮೊದಲು ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಕಾಲಕ್ರಮದಲ್ಲಿ ಪಾರ್ಧಿ, ಕೈಕಾಡಿಗಳಂಥ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿ ಮಾಡಿತು. ಮುಂಬೈ ಪ್ರಾಂತ್ಯದಲ್ಲಿ ಅವರನ್ನು ಕೂಡಿಹಾಕಲು ಸೊಲ್ಲಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಸೆಟ್ಲಮೆಂಟುಗಳಾದವು. ಹುಬ್ಬಳ್ಳಿಯಲ್ಲಿ ಆ ಹೆಸರಿನ ಬಡಾವಣೆ ಇಂದಿಗೂ ಇದೆ. ಕಾಯ್ದೆ ರದ್ದಾದದ್ದು 1952ರಲ್ಲಿ. ಅಜ್ಜ-ಅಜ್ಜಿ ದಿನಕ್ಕೆ ಹಲವು ಬಾರಿ ಹಾಜರಿ ಕೊಟ್ಟ ಮನೆಗೆ ಇಂದು ಒಬ್ಬರು ರಜಿಸ್ಟರ್ ಹಿಡಿದು ಬಂದು ‘ಎಷ್ಟು ಜನ, ಹೆಸರೇನು, ಎಲ್ಲಿಂದ ಬಂದಿರಿ’ ಎಂದು ಶುರು ಮಾಡಿದರೆ ಒಳಗಿನವರಿಗೆ ಏನನ್ನಿಸೀತು? ರಜಿಸ್ಟರ್ ಚೀಲದಲ್ಲಿರಲಿ. ಮೊದಲ ಭೇಟಿಯಲ್ಲಿ ಸೂಜಿಯೂ ಬೇಡ, ಪೆನ್ನೂ ಬೇಡ. ಕೆಮ್ಮುವ ಮಗುವಿಗೆ ಔಷಧ, ಕೈ ಕೊಯ್ದುಕೊಂಡವರಿಗೆ ಪಟ್ಟಿ, ಗರ್ಭಿಣಿಗೆ ರಕ್ತದೊತ್ತಡದ ತಪಾಸಣೆ, ಇಷ್ಟಾದರೂ ಮಾಡಿ ಬಂದರೆ ಎರಡನೇ ಭೇಟಿಗೆ ಬಾಗಿಲು ತೆರೆದಿರುತ್ತದೆ.

ಬೀಡದಿಂದ ಬಂದ ಹೆಂಗಸರ ಅನುಮಾನಕ್ಕೆ ಇನ್ನೂ ಹತ್ತಿರದ ಕಾರಣವಿದೆ. 2019ರಲ್ಲಿ ಮಹಾರಾಷ್ಟ್ರ ಸರಕಾರ ನೀಲಂ ಗೋರ್ಹೆ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯ ಮುಂದೆ ಬಂದ ಲೆಕ್ಕ ಇದು: ಆ ಜಿಲ್ಲೆಯಲ್ಲಿ ಸಮೀಕ್ಷೆಗೆ ಒಳಗಾದ 82 ಸಾವಿರಕ್ಕೂ ಹೆಚ್ಚು ಕಬ್ಬು ಕಡಿಯುವ ಮಹಿಳೆಯರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಯ ಗರ್ಭಕೋಶ ತೆಗೆಯಲಾಗಿತ್ತು. ಬಹಳಷ್ಟು ಮಂದಿಗೆ ಇನ್ನೂ ನಲವತ್ತೂ ಆಗಿರಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ನಂಬಬಾರದು ಎಂದು ಅವರು ಕಲಿತದ್ದು ತಮ್ಮ ಮೈಮೇಲಿನ ಅನುಭವದಿಂದ. ‘ಈ ಸೂಜಿಯಿಂದ ಮುಂದೆ ಮಕ್ಕಳಾಗುವುದಿಲ್ಲವಂತೆ’ ಎಂಬ ವದಂತಿ ಇವರ ನಡುವೆ ಬೇರೂರಿದರೆ ಅದನ್ನು ಬರೀ ಮೂಢನಂಬಿಕೆ ಎನ್ನುವುದು ಅನ್ಯಾಯ.

ಒಪ್ಪಿಗೆಯ ವಿಷಯದಲ್ಲಿ ದೇಶಕ್ಕೇ ಪಾಠವಾದ ಪ್ರಕರಣವೊಂದಿದೆ. 2009–10ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ, ಪಾಥ್ ಎಂಬ ಅಮೆರಿಕದ ಸಂಸ್ಥೆ ಐಸಿಎಂಆರ್ ಜೊತೆಗೂಡಿ ಸುಮಾರು 24 ಸಾವಿರ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸಿತು. ಅವರಲ್ಲಿ ಆದಿವಾಸಿ ಹುಡುಗಿಯರು ಬಹಳ. ಏಳು ಹುಡುಗಿಯರು ತೀರಿಕೊಂಡಾಗ ಗದ್ದಲವೆದ್ದು 2010ರ ಏಪ್ರಿಲ್‌ನಲ್ಲಿ ಕಾರ್ಯಕ್ರಮ ನಿಂತಿತು. ಸಾವುಗಳಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಾಣಲಿಲ್ಲ. ಕಂಡದ್ದು ಬೇರೆ: ಆಶ್ರಮ ಶಾಲೆಗಳಲ್ಲಿ ತಂದೆ-ತಾಯಿಯ ಬದಲು ವಾರ್ಡನ್‌ಗಳೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಇದನ್ನು ಕಟುವಾಗಿ ಖಂಡಿಸಿತು. ಒಳ್ಳೆಯ ಲಸಿಕೆಯೊಂದು ದೇಶದಲ್ಲಿ ಎಷ್ಟೋ ವರ್ಷ ಅನುಮಾನದ ನೆರಳಲ್ಲಿ ಉಳಿಯಿತು. ಇಟ್ಟಿಗೆ ಭಟ್ಟಿಯ ಶಾಲೆಯಲ್ಲಿ, ಹಾಸ್ಟೆಲಿನಲ್ಲಿ, ಕಬ್ಬಿನ ಟೋಳಿಗಳ ಮಕ್ಕಳಿಗೆಂದಿರುವ ಸಾಖರ ಶಾಲೆಯಲ್ಲಿ ಮಕ್ಕಳು ಒಟ್ಟಿಗೇ ಸಿಗುತ್ತಾರೆ ಎಂಬ ಅನುಕೂಲಕ್ಕೆ ತಾಯಿಯನ್ನು ಕೇಳದೆ ಸೂಜಿ ಹಾಕುವ ಆಸೆ ಯಾರಿಗಾದರೂ ಬಂದರೆ ಖಮ್ಮಂ ನೆನಪಿರಲಿ.

ಕೋವಿಡ್ ಕಾಲದಲ್ಲಿ ಜನರ ಹೆದರಿಕೆಯೂ ಕಂಡಿತು, ಹೆದರಿಸಿ ಕೆಲಸ ಮಾಡಿಸುವ ಪ್ರಯತ್ನಗಳೂ ನಡೆದವು. 2021ರ ಮೇ ತಿಂಗಳಲ್ಲಿ ಉತ್ತರಪ್ರದೇಶದ ಬಾರಾಬಂಕಿಯ ಹಳ್ಳಿಯೊಂದರಲ್ಲಿ ಲಸಿಕೆ ತಂಡ ಕಂಡು ಜನ ಸರಯೂ ನದಿಗೆ ಹಾರಿದರು. ಅದೇ ವರ್ಷ ಸೋಲಿಗರ ನಾಡಾದ ಚಾಮರಾಜನಗರದಲ್ಲಿ ‘ಲಸಿಕೆ ಇಲ್ಲದಿದ್ದರೆ ಪಡಿತರ ಇಲ್ಲ, ಪಿಂಚಣಿ ಇಲ್ಲ’ ಎಂದು ಜಿಲ್ಲಾಡಳಿತ ಸಾರಿ ಟೀಕೆಗೆ ಗುರಿಯಾಯಿತು. ಅಕ್ಕಿ ತಡೆದು ಹಾಕಿಸಿದ ಒಂದು ಸೂಜಿ ಮುಂದಿನ ಹತ್ತು ಸೂಜಿಗಳ ದಾರಿ ಮುಚ್ಚುತ್ತದೆ.

ಅದೇ ಸೋಲಿಗರ ನಾಡಿನಲ್ಲಿ ಬೇರೆ ದಾರಿಯೂ ಇದೆ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆದಿವಾಸಿ ಹೆಣ್ಣುಮಕ್ಕಳಿಗೇ ಎಎನ್‌ಎಂ ತರಬೇತಿ ಕೊಟ್ಟಿತು. ಸೂಜಿ ಹಿಡಿದ ಕೈ ಪೋಡಿನ (ಸೋಲಿಗರ ಹಾಡಿಯ) ಮಗಳದೇ ಆದಾಗ ಭಾಷೆಯ ತೊಡಕಿಲ್ಲ, ಪರಕೀಯತೆಯಿಲ್ಲ. ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳು ತಾವೇ ಆಡಳಿತ ನಡೆಸುವ ಆರೋಗ್ಯ ಕೇಂದ್ರಗಳಿವೆ. ಈಚಿನ ವರ್ಷಗಳಲ್ಲಿ ಅಲ್ಲಿನ ಐದು ವರ್ಷದ ಮೂಲನಿವಾಸಿ ಮಕ್ಕಳ ಲಸಿಕೆ ಪ್ರಮಾಣ ಉಳಿದ ಮಕ್ಕಳದಕ್ಕಿಂತ ಮೇಲೇ ಇದ್ದದ್ದುಂಟು. ಧನಗರವಾಡೆಯ ಹತ್ತನೇ ಪಾಸಾದ ಹೆಣ್ಣುಮಗಳನ್ನು ಆಶಾ ಮಾಡಿದರೆ ಬರುವ ಫಲ ಯಾವ ಪೋಸ್ಟರಿನಿಂದಲೂ ಬಾರದು.

ಕುರಿಗೆ ಬೇಕು, ಕೂಸಿಗೆ ಬೇಡವೇ?

ಧನಗರರು ಲಸಿಕೆಯನ್ನೇ ನಂಬುವುದಿಲ್ಲ ಎನ್ನುವವರು ಅವರ ಕುರಿ ಹಿಂಡನ್ನೊಮ್ಮೆ ನೋಡಬೇಕು. ಮಳೆಗಾಲದ ಹೊಸ ಹುಲ್ಲು ಮೇಯುವ ಮುನ್ನ ಕರುಳುಬೇನೆಗೆ ಲಸಿಕೆ ಹಾಕಿಸಬೇಕು, ಹಿರೇಬೇನೆ ಬಂದರೆ ಹಿಂಡೇ ಹೋಗುತ್ತದೆ ಎಂಬುದು ಕುರಿಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸರಕಾರಿ ಲಸಿಕೆ ತಡವಾದರೆ ಕೈಯಿಂದ ದುಡ್ಡು ಕೊಟ್ಟು ತರುತ್ತಾನೆ. 2022ರಲ್ಲಿ ಚರ್ಮಗಂಟು ರೋಗ ಮಹಾರಾಷ್ಟ್ರ, ಕರ್ನಾಟಕಗಳಲ್ಲಿ ಹಬ್ಬಿದಾಗ ದನಗಳ ಲಸಿಕೆಗೆ ಎರಡೂ ಕಡೆ ಬೇಡಿಕೆ ಎದ್ದಿತ್ತು. ರೋಗ ಬರುವ ಮುನ್ನ ಔಷಧ ಕೊಡುವ ಮರ್ಮ ಇಲ್ಲಿ ಹಳೆಯದು. ಕುರಿ ವೈದ್ಯ ಹಿಂಡಿದ್ದಲ್ಲಿಗೆ ಬರುತ್ತಾನೆ, ಕೂಸಿನ ಲಸಿಕೆಗೆ ಮಾತ್ರ ಕೂಸೇ ಉಪಕೇಂದ್ರಕ್ಕೆ ಹೋಗಬೇಕು. ವ್ಯತ್ಯಾಸ ಅಲ್ಲಿದೆ.

ಆಫ್ರಿಕಾದ ಚಾಡ್ ದೇಶದಲ್ಲಿ ಇದೇ ಗಮನಕ್ಕೆ ಬಂತು. ಅಲ್ಲಿನ ಅಲೆಮಾರಿ ಪಶುಪಾಲಕರ ದನಗಳಿಗೆ ಲಸಿಕೆಯಾಗಿತ್ತು. ಸಮೀಕ್ಷೆ ಮಾಡಿದ ಬಿಡಾರಗಳಲ್ಲಿ ಎಲ್ಲ ಲಸಿಕೆ ಪಡೆದ ಒಂದು ಮಗುವೂ ಸಿಗಲಿಲ್ಲ. 2000ರ ನಂತರ ಸ್ವಿಟ್ಜರ್ಲೆಂಡಿನ ಸಂಶೋಧಕರ ನೆರವಿನಿಂದ ಪಶುವೈದ್ಯರ ಗಾಡಿಯಲ್ಲೇ ಮಕ್ಕಳ ಲಸಿಕೆ ತಂಡವೂ ಹೋಯಿತು. ಖರ್ಚು ಹಂಚಿಹೋಯಿತು, ಮಕ್ಕಳೂ ಹೆಂಗಸರೂ ಲಸಿಕೆಗೆ ಸಿಕ್ಕರು. ಶಾಹುವಾಡಿ, ಚಂದಗಡದ ಗುಡ್ಡಗಳಿಗೆ ಪಶುಸಂಗೋಪನೆ ಮತ್ತು ಆರೋಗ್ಯ ಇಲಾಖೆಗಳು ಒಂದೇ ದಿನ, ಒಂದೇ ಜೀಪಿನಲ್ಲಿ ಹೋಗುವುದಕ್ಕೆ ಹೊಸ ಕಾನೂನು ಬೇಕಿಲ್ಲ. ಇಬ್ಬರು ತಾಲ್ಲೂಕು ಅಧಿಕಾರಿಗಳು ಫೋನಿನಲ್ಲಿ ಮಾತಾಡಿದರೆ ಸಾಕು. ಮಳೆಗೆ ಮುನ್ನಿನ ಮೇ ತಿಂಗಳು ಇದಕ್ಕೆ ಸರಿ. ಕುರಿಗೂ ಆಗಲೇ ಬೇಕು, ದಾರಿಯೂ ಆಗಲೇ ಇರುತ್ತದೆ.

ಇನ್ನೊಂದು ಅವಕಾಶ ಇಚಲಕರಂಜಿಯ ಹತ್ತಿರದ ಪಟ್ಟಣಕೋಡೋಲಿಯ ವಿಠ್ಠಲ-ಬೀರದೇವರ ಜಾತ್ರೆ. ಭಂಡಾರದಲ್ಲಿ ಮಿಂದ ಸಾವಿರಾರು ಧನಗರ ಕುಟುಂಬಗಳು ಕರ್ನಾಟಕದಿಂದಲೂ ಅಲ್ಲಿಗೆ ಬರುತ್ತವೆ, ಭಾಕಣೂಕ ಎಂಬ ಭವಿಷ್ಯನುಡಿ ಕೇಳಲು ಕಾಯುತ್ತವೆ. ಅಂಥ ಗದ್ದಲದಲ್ಲಿ ಸೂಜಿ ಹಾಕುವುದು ಜಾಣತನವಲ್ಲ. ಹಾಕಿದ ಮೇಲೆ ಅರ್ಧ ಗಂಟೆ ಕೂರಿಸಿ ನೋಡಿಕೊಳ್ಳುವುದಾಗುವುದಿಲ್ಲ. ಆದರೆ ಯಾವ ಹಿಂಡು ಮುಂದೆ ಯಾವ ಊರ ಕಡೆ ಹೋಗುತ್ತದೆ ಎಂದು ತಿಳಿಯಲು, ಪೂಜಾರಿಗಳ ಮತ್ತು ಹಿರಿಯರ ಕಿವಿಗೆ ಮಾತು ಹಾಕಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮಗುವಿಗೆ ದಡಾರ ಎದ್ದಾಗ ‘ತಾಯಿ ಬಂದಾಳ’ ಎಂದು ಬೇವಿನ ಸೊಪ್ಪು ಕಟ್ಟುವ ಮನೆಯಲ್ಲಿ ಬೇವನ್ನು ಹೀಯಾಳಿಸುವ ಕಾರಣವೇ ಇಲ್ಲ. ಬೇವು ಇರಲಿ, ಜೊತೆಗೆ ವೈದ್ಯರು ಹೇಳಿದಂತೆ ವಿಟಮಿನ್ ಎ ಎರಡು ದಿನ ಬೀಳಲಿ, ಪಕ್ಕದ ಗುಡಿಸಲಿನ ಮಕ್ಕಳಿಗೆ ದಡಾರ-ರುಬೆಲ್ಲಾದ ಎಂಆರ್ ಲಸಿಕೆ ಆಗಿದೆಯೇ ಎಂದು ನೋಡಲಿ.

ಮುಚ್ಚಿಡದೆ ಹೇಳುವುದು

‘ಏನೂ ಆಗುವುದಿಲ್ಲ’ ಎಂದು ಹೇಳಿ ಸೂಜಿ ಹಾಕಿ ಹೋದ ಮೇಲೆ ರಾತ್ರಿ ಜ್ವರ ಬಂದರೆ, ಆ ಗುಡಿಸಲಷ್ಟೇ ಅಲ್ಲ, ಇಡೀ ಟೋಳಿ ಕೈತಪ್ಪಿದಂತೆ. ಆಗುವುದನ್ನು ಆಗುವ ಮುನ್ನ ಹೇಳಬೇಕು. ಐದು ರೋಗ ತಡೆಯುವ ಪೆಂಟಾವೇಲೆಂಟ್ ಹಾಕಿದ ಮೇಲೆ ಒಂದೆರಡು ದಿನ ಜ್ವರ, ತೊಡೆ ಕೆಂಪಾಗಿ ಊದುವುದು, ಕೂಸು ಕಿರಿಕಿರಿ ಮಾಡುವುದು ಸಾಮಾನ್ಯ. ಬಿಸಿಜಿ ಹಾಕಿದ ತೋಳಿನಲ್ಲಿ ಕೆಲವು ವಾರಗಳ ನಂತರ ಗುಳ್ಳೆಯೆದ್ದು, ಒಡೆದು, ಕಲೆಯಾಗುತ್ತದೆ. ಅದಕ್ಕೆ ಅರಿಸಿನ, ಸುಣ್ಣ, ಮುಲಾಮು ಏನೂ ಹಚ್ಚಬಾರದು. ಎಂಆರ್ ಹಾಕಿ ವಾರ-ಹತ್ತು ದಿನ ಕಳೆದ ಮೇಲೆ ಸಣ್ಣ ಜ್ವರ, ಒಂದಿಷ್ಟು ಗಂಧೆ ಕಾಣಬಹುದು. ಆ ಹೊತ್ತಿಗೆ ಟೋಳಿ ಬೇರೆ ಊರಿಗೆ ಸರಿದಿರುತ್ತದಾದ್ದರಿಂದ ಇದನ್ನು ಮೊದಲೇ ಹೇಳಿರಬೇಕು. ಜ್ವರಕ್ಕೆ ಪ್ಯಾರಸಿಟಮಾಲ್ ಎಷ್ಟು ಹನಿ ಎಂಬುದನ್ನು ಕೂಸಿನ ತೂಕ ನೋಡಿ ಆರೋಗ್ಯ ಸೇವಿಕೆಯೇ ತಾಯಿಗೆ ತೋರಿಸಿಕೊಡಲಿ. ನಿಲ್ಲದ ಅಳು, ಸೆಳವು, ಉಸಿರಾಟದ ತೊಂದರೆ, ತೀರ ಸುಸ್ತು ಕಂಡರೆ ತಡಮಾಡದೆ 108ಕ್ಕೆ ಫೋನ್. ಗಡಹಿಂಗ್ಲಜದಲ್ಲಿ ಉಪಜಿಲ್ಲಾ ಆಸ್ಪತ್ರೆ, ಇಚಲಕರಂಜಿಯಲ್ಲಿ ಐಜಿಎಂ, ಕೊಲ್ಹಾಪುರದಲ್ಲಿ ಸಿಪಿಆರ್ ಆಸ್ಪತ್ರೆಗಳಿವೆ. ಮರುದಿನ ಬೆಳಿಗ್ಗೆ ಯಾರಾದರೊಬ್ಬರು ಗುಡಿಸಲಿಗೆ ಹೋಗಿ ‘ರಾತ್ರಿ ಹೆಂಗಿತ್ತರಿ ಕೂಸು?’ ಎಂದು ಕೇಳಿ ಬಂದರೆ ಅದಕ್ಕಿಂತ ದೊಡ್ಡ ಪ್ರಚಾರವಿಲ್ಲ.

ಎಲ್ಲ ಲಸಿಕೆಯೂ ಒಂದೇ ತರಹ ಎಂದು ಹೇಳುವುದೂ ಸರಿಯಲ್ಲ. ಚಂದಗಡದಿಂದ ತಿಲಾರಿ ಘಾಟು ಇಳಿದರೆ ಸಿಂಧುದುರ್ಗದ ದೋಡಾಮಾರ್ಗ. 2016ರಲ್ಲಿ ಅಲ್ಲಿಯ ಗೇರುತೋಟಗಳ ಊರುಗಳಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಾದ ರೋಗ ಅದು. ಅದಕ್ಕಿದ್ದ ಲಸಿಕೆ ಬಹಳ ನೋಯಿಸುತ್ತಿತ್ತು. ತಿಂಗಳ ಅಂತರದಲ್ಲಿ ಎರಡು ಸೂಜಿ, ಮೇಲೆ ವರ್ಷ ವರ್ಷ ಬೂಸ್ಟರ್. ಎರಡು ಸೂಜಿಯ ರಕ್ಷಣೆ ನೂರಕ್ಕೆ 62ರಷ್ಟು, ಬೂಸ್ಟರ್ ಸೇರಿದರೆ 83ರಷ್ಟು ಎಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಮಲೆನಾಡಿನ ಜನ ಮೊದಲ ಸೂಜಿಯ ನೋವು ಕಂಡು ಮುಂದಿನವನ್ನು ತಪ್ಪಿಸುತ್ತಿದ್ದರು. ಕೊನೆಗೆ ಲಸಿಕೆಯ ಸಾಮರ್ಥ್ಯವೇ ಪರೀಕ್ಷೆಯಲ್ಲಿ ಸಾಲದೆಂದು ಕಂಡುಬಂದು 2022ರಲ್ಲಿ ಕರ್ನಾಟಕದಲ್ಲಿ ಅದನ್ನು ನಿಲ್ಲಿಸಲಾಯಿತು. ಗುಡ್ಡದ ಊರಿನವರು ‘ಅದನ್ನ ನೀವ ನಿಲ್ಲಿಸಿದ್ರಲ್ಲ, ಇದನ್ಯಾಕ ನಂಬಬೇಕು?’ ಎಂದು ಕೇಳಿದರೆ ಅದು ಬುದ್ಧಿವಂತರ ಪ್ರಶ್ನೆ. ಉತ್ತರವೂ ಅಷ್ಟೇ ನೇರವಾಗಿರಲಿ: ಅದು ಸಾಲದಾಗಿತ್ತು, ಹಾಗಾಗಿ ನಿಲ್ಲಿಸಿದರು. ಪೋಲಿಯೊ ಹನಿ ಬೇರೆ. ಅದರಿಂದಾಗಿ 2011ರ ಜನವರಿಯ ನಂತರ ದೇಶದಲ್ಲಿ ಒಂದು ಮಗುವಿಗೂ ಕಾಡು ಪೋಲಿಯೊ ಬಂದಿಲ್ಲ. ದಡಾರದ ಲಸಿಕೆ ತಪ್ಪಿದಲ್ಲಿ ಏನಾಗುತ್ತದೆಂದು 2022ರಲ್ಲಿ ಮುಂಬೈಯ ಗೋವಂಡಿ ತೋರಿಸಿತು. ಅಲ್ಲಿ ಮಕ್ಕಳು ಸತ್ತರು.

ಇಚಲಕರಂಜಿಯ ಮಗ್ಗದ ಕೇರಿಗಳಲ್ಲಿ ಕಥೆ ತುಸು ಬೇರೆ. ಅಲ್ಲಿ ಹನ್ನೆರಡು ತಾಸಿನ ಪಾಳಿ, ಬಾಡಿಗೆ ಖೋಲಿ, ಕೈಯಲ್ಲಿ ಮೊಬೈಲ್. ಅನುಮಾನ ಬರುವುದು ವಾಟ್ಸಾಪ್‌ನಿಂದ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಎಂಆರ್ ಅಭಿಯಾನ ಶುರುವಾದಾಗಲೂ ಅನುಮಾನ ಹುಟ್ಟಿಸುವ ಸಂದೇಶಗಳು ಶಾಲೆಗಳ ಪಾಲಕರ ಗುಂಪುಗಳಲ್ಲಿ ಓಡಾಡಿದ್ದವು. ಅದೇ ಗುಂಪಿನಲ್ಲಿ, ಅದೇ ದಿನ, ಕನ್ನಡದಲ್ಲೂ ಮರಾಠಿಯಲ್ಲೂ ಪರಿಚಿತ ದನಿಯೊಂದು ಅರ್ಧ ನಿಮಿಷ ಮಾತಾಡಿ ಕಳಿಸುವುದೇ ಇದಕ್ಕೆ ಮದ್ದು. ವಾರ ಬಿಟ್ಟು ಬರುವ ಸರಕಾರಿ ಸ್ಪಷ್ಟೀಕರಣವನ್ನು ಯಾರೂ ಓದುವುದಿಲ್ಲ.

ಕಾರ್ಡು, ಬಾಟಲಿ ಮತ್ತು ಕನ್ನಡ

ಕೆಲವು ಸಲ ‘ಬೇಡ’ ಎನ್ನುವವರು ಆರೋಗ್ಯ ಕೇಂದ್ರದ ನಮ್ಮವರೇ. ಬಿಸಿಜಿ ಮತ್ತು ಎಂಆರ್ ಬಾಟಲಿಗಳನ್ನು ಒಮ್ಮೆ ಕಲಸಿದರೆ ನಾಲ್ಕು ತಾಸಿನೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲುವುದೇ. ‘ಒಂದ ಕೂಸಿಗಿ ಬಾಟ್ಲಿ ಒಡ್ಯಾಕ ಬರೂದಿಲ್ಲ, ಮುಂದಿನ ವಾರ ಬಾ’ ಎಂದು ವಾಪಸ್ ಕಳಿಸಿದ ತಾಯಿ ಮುಂದಿನ ವಾರ ಇನ್ನೊಂದು ತಾಲ್ಲೂಕಿನಲ್ಲಿರುತ್ತಾಳೆ. ಒಂದೇ ಮಗುವಿದ್ದರೂ ಬಾಟಲಿ ತೆರೆಯಬೇಕು. ಹಾಗೆಯೇ ನೆಗಡಿ, ಸಣ್ಣ ಜ್ವರ, ಸಣಕಲು ಮೈ ಇವ್ಯಾವುವೂ ಲಸಿಕೆ ತಡೆಯಲು ಕಾರಣವಲ್ಲ. ಸಣಕಲು ಮಗುವಿಗೆ ಅದು ಇನ್ನೂ ಹೆಚ್ಚು ಬೇಕು.

ಡೋಸು ತಪ್ಪಿದ್ದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಬಹುದು. ಬಿಸಿಜಿಗೆ ಒಂದು ವರ್ಷದವರೆಗೆ, ಬಾಯಿಹನಿ ಪೋಲಿಯೊ ಮತ್ತು ಎಂಆರ್‌ಗೆ ಐದು ವರ್ಷದವರೆಗೆ ಅವಕಾಶವಿದೆ. ಪೆಂಟಾವೇಲೆಂಟ್‌ನ ಒಂದು ಡೋಸಾದರೂ ವರ್ಷದೊಳಗೆ ಬಿದ್ದಿದ್ದರೆ ಉಳಿದವನ್ನು ಪೂರೈಸಬಹುದು. ಒಂದೂ ಬಿದ್ದಿಲ್ಲದಿದ್ದರೆ ಏಳು ವರ್ಷದವರೆಗೆ ಡಿಪಿಟಿ ಉಂಟು. ‘ತಡ ಆಗೇತಿ, ಇನ್ನ ನಡೆಯೂದಿಲ್ಲ’ ಎಂಬ ಮಾತಿಗೆ ಅವಸರದಿಂದ ಒಪ್ಪಬೇಡಿ.

ಇಲ್ಲಿ ಕನ್ನಡ ಓದುಗರಿಗೇ ಮೀಸಲಾದ ಕೆಲಸವೊಂದಿದೆ. ವಿಜಯಪುರದ ತಾಂಡಾದಿಂದ ಬಂದ ತಾಯಿಯ ಬಳಿ ಇರುವುದು ಕರ್ನಾಟಕದ ತಾಯಿ ಕಾರ್ಡ್. ಅದರಲ್ಲಿ ದಾದಿ ಕೈಯಾರೆ ಬರೆದ ಕನ್ನಡ ಟಿಪ್ಪಣಿ ಮರಾಠಿ ಓದಿದ ಆರೋಗ್ಯ ಸೇವಿಕೆಗೆ ತಿಳಿಯುವುದಿಲ್ಲ. ಗಡಹಿಂಗ್ಲಜ ಭಾಗದಲ್ಲಿ ಎರಡೂ ಭಾಷೆ ಬಲ್ಲವರಿಗೆ ಕೊರತೆಯಿಲ್ಲ. ಕಾರ್ಡ್ ಓದಿ ಹೇಳಿ, ಇಲ್ಲಿ ಹಾಕಿಸಿದ ಡೋಸಿನ ದಿನಾಂಕ ಅದೇ ಕಾರ್ಡಿನಲ್ಲಿ ಬರೆಸಿ, ಎರಡು ಪುಟದ ಫೋಟೊ ತೆಗೆದು ಗಂಡನ ಫೋನಿಗೂ ಮುಕಾದಮನ ಫೋನಿಗೂ ಕಳಿಸಿಬಿಡಿ. ಗುಡಿಸಲು ಸೋರಿ ಕಾರ್ಡ್ ತೊಯ್ದರೂ ದಾಖಲೆ ಉಳಿಯುತ್ತದೆ. ಸರಕಾರದ ಲಸಿಕೆ ದಾಖಲಾತಿ ತಾಣ ಯು-ವಿನ್‌ನಲ್ಲಿ ಹೆಸರು ಸೇರಿಸಿದರೆ ಇನ್ನೂ ಒಳ್ಳೆಯದು. ಆದರೆ ನಂಬರ್ ಬದಲಿಸುತ್ತಲೇ ಇರುವ ಕುಟುಂಬಕ್ಕೆ ಕಾಗದದ ಕಾರ್ಡೇ ಗಟ್ಟಿ. ಪ್ಲಾಸ್ಟಿಕ್ ಚೀಲವೊಂದನ್ನು ಕೊಡುವುದು ಮರೆಯಬೇಡಿ.

ಇಟ್ಟಿಗೆ ಭಟ್ಟಿ ಮತ್ತು ಕಬ್ಬಿನ ಟೋಳಿಗಳ ಮಕ್ಕಳ ನಡುವೆ ಕೊಲ್ಹಾಪುರದಲ್ಲಿ ವರ್ಷಗಟ್ಟಲೆ ದುಡಿದಿರುವ ಅನುರಾಧಾ ಭೋಸಲೆ ಅವರ ‘ಅವನಿ’ಯಂಥ ಸಂಸ್ಥೆಗಳಿಗೆ ಯಾವ ಭಟ್ಟಿಯಲ್ಲಿ ಯಾವ ಮಕ್ಕಳಿದ್ದಾರೆಂಬ ಅಂದಾಜು ಇರುತ್ತದೆ. ಆರೋಗ್ಯ ಇಲಾಖೆ ಹೊಸ ಸಮೀಕ್ಷೆ ಮಾಡಿಸುವ ಮುನ್ನ ಇಂಥವರನ್ನು ಕೇಳುವುದು ಹಗುರವೂ ಹೌದು, ಅಗ್ಗವೂ ಹೌದು.

ಹೊಲದ ಮಾಲಕರಿಗೆ ಒಂದು ವಿನಂತಿ. ಟೋಳಿ ಬಂದು ಇಳಿದ ಎರಡು ದಿನದೊಳಗೆ ಐದು ವರ್ಷದೊಳಗಿನ ಮಕ್ಕಳೆಷ್ಟು, ಗರ್ಭಿಣಿಯರೆಷ್ಟು ಎಂದು ಊರ ಆಶಾಗೆ ತಿಳಿಸಿ. ಸರಕಾರಿ ಲಸಿಕೆ ಎಲ್ಲಿಯ ಮಗುವಿಗಾದರೂ ಎಲ್ಲಿ ಬೇಕಾದರೂ ಪುಕ್ಕಟೆ. ಆಧಾರ್ ಇಲ್ಲ, ಕಾರ್ಡ್ ಕಳೆದಿದೆ, ಬೇರೆ ರಾಜ್ಯದವರು ಎಂಬ ಕಾರಣಕ್ಕೆ ಯಾರನ್ನೂ ಹಿಂದಕ್ಕೆ ಕಳಿಸುವಂತಿಲ್ಲ. ಕಳಿಸಿದರೆ ತಾಲ್ಲೂಕು ಆರೋಗ್ಯ ಅಧಿಕಾರಿಗೆ ಹೇಳಿ, ಇಲ್ಲವೇ 104ಕ್ಕೆ ಫೋನ್ ಮಾಡಿ.